ರಾಯಚೂರಿನ ಬಯಲಿಗೆ ಬಂದ ರಾಜಧಾನಿ

ವಿಜಯನಗರವನ್ನು ಪರದೇಶಿಯರ ಕಣ್ಣಿನಿಂದ ಕಾಣಿಸುವ ಬರಹಗಳಲ್ಲಿ ಪೋರ್ಚುಗೀಸರಾದ ಡೊಮಿಂಗೊ ಪಾಯೆಸ್ ಮತ್ತು ಫೆರ್ನಾವೊ ನೂನಿಜ್ ಅವರ ವೃತ್ತಾಂತಗಳು ಮುಖ್ಯವಾದವು; ಇವೆರಡನ್ನೂ ರಾಬರ್ಟ್ ಸೀವೆಲ್ 1900ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದನು. 1520ರ ಸುಮಾರಿಗೆ ಬಂದ ಪಾಯೆಸ್ ಗುಡ್ಡವೇರಿ ರಾಜಧಾನಿಯನ್ನು ನೋಡಿ, ಅದು ರೋಮ್ ನಗರದಷ್ಟು ದೊಡ್ಡದೆಂದು ಅಂದಾಜಿಸಿದನಲ್ಲದೆ, ಬೀದಿಗಳಲ್ಲಿ ಹೇರೆತ್ತುಗಳು ಎಷ್ಟು ಕಿಕ್ಕಿರಿದಿರುತ್ತಿದ್ದವೆಂದರೆ ಅವು ಸಾಗುವ ತನಕ ಕಾಯಬೇಕು ಇಲ್ಲವೆ ಬೇರೆ ದಾರಿ ಹಿಡಿಯಬೇಕು ಎಂದು ಬರೆದನು. ಆದರೆ ಸಾಮಾನ್ಯ ಜನರ ದುಡಿಮೆಯನ್ನು ಇನ್ನೂ ಹತ್ತಿರದಿಂದ ತೋರಿಸುವುದು, ಕುದುರೆ ವ್ಯಾಪಾರಿಯಾಗಿದ್ದ ನೂನಿಜ್ 1535ರ ಆಸುಪಾಸಿನಲ್ಲಿ, ತಾನು ಕೇಳಿ ತಿಳಿದುದನ್ನು ಆಧರಿಸಿ ಬರೆದ ರಾಯಚೂರು ಮುತ್ತಿಗೆಯ ಕಥನವೇ.

ಉತ್ತರದಲ್ಲಿ ದೇವದುರ್ಗದ ಅಂಚಿಗೆ ಕೃಷ್ಣೆ, ದಕ್ಷಿಣದಲ್ಲಿ ಮಾನ್ವಿಯ ಅಂಚಿಗೆ ತುಂಗಭದ್ರೆ ಹರಿಯುವ, ಎರಡು ಹೊಳೆಗಳ ನಡುವಿನ ಸೀಮೆಯಾದ್ದರಿಂದ ಹಿಂದೆ ಎಡೆದೊರೆನಾಡು ಎನಿಸಿ ಮುಂದೆ ದೋಆಬ್ ಎನಿಸಿದ ರಾಯಚೂರಿನ ಈ ನಾಡಿಗಾಗಿ ವಿಜಯನಗರದ ಅರಸರು ಮೊದಲು ಬಹಮನಿಗಳೊಡನೆ, ಬಳಿಕ ಬಿಜಾಪುರದೊಡನೆ ತಲೆಮಾರುಗಳ ಕಾಲ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯನು ರಾಯಚೂರಿನ ಸಮೀಪದ ಮಲಿಯಾಬಾದಿನಲ್ಲಿ ಬೀಡುಬಿಟ್ಟಾಗ ರಾಜಧಾನಿಯೇ ಅಲ್ಲಿಗೆ ಬಂದಂತಾಯಿತು. ಕಾಳುಕಡಿ, ಹಣ್ಣುಹಂಪಲು, ಒಡವೆ ಎಲ್ಲವೂ ಸಿಗುವ ಸಂತೆಗಳೂ ಬಗೆಬಗೆಯ ಕಸುಬುದಾರರೂ ಅಲ್ಲಿದ್ದುದರಿಂದ, ನೋಡಿದವರಿಗೆ ಅದು ಯುದ್ಧದ ಬೀಡೆನಿಸದೆ ಸಂಪನ್ನ ಪಟ್ಟಣವೆನಿಸುತ್ತಿತ್ತೆಂದು ನೂನಿಜ್ ಹೇಳುತ್ತಾನೆ. ಅವನು ಕೊಡುವ ಏಳು ಲಕ್ಷ ಕಾಲಾಳುಗಳ ಲೆಕ್ಕ ನಂಬುವಂಥದ್ದಲ್ಲ. ತೊಗಲ ಚೀಲಗಳಲ್ಲಿ ನೀರು ಹೊತ್ತು ದಾರಿಯುದ್ದಕ್ಕೂ ನಿಂತ 12,000 ಜನರ ಸಂಖ್ಯೆಯೂ ಹೆಚ್ಚೇ ಇರಬಹುದು. ಆದರೂ ಮರಗಳು ವಿರಳವಾದ ಈ ಬಯಲಿನ ಬಿಸಿಲನ್ನು ಬಲ್ಲ ಯಾರಿಗಾದರೂ ಅಂಥ ಏರ್ಪಾಡಿಲ್ಲದೆ ದಂಡು ಸಾಗದೆಂಬುದು ತಿಳಿದೀತು, ಮತ್ತು ಅರಸರ ಬಿರುದುಗಳಿಗಿಂತ ಈ ನೀರು ಹೊತ್ತವರ ಉಲ್ಲೇಖವೇ ಚರಿತ್ರೆಗೆ ಹೆಚ್ಚು ಬೆಲೆಯುಳ್ಳದ್ದು.

ಮುತ್ತಿಗೆ ಹಾಕಿದ ಕೋಟೆಯೂ ಇಂಥದೇ ದುಡಿಮೆಯ ಫಲವಾಗಿತ್ತು. ಅದರ ಗೋಡೆಯಲ್ಲಿರುವ, ಸುಮಾರು 41 ಅಡಿ ಉದ್ದದ ಒಂದೇ ಬಂಡೆಯ ಮೇಲಿನ 1294ರ ಶಾಸನವು ಗೋರೆ ಗನ್ನಯ ರೆಡ್ಡಿಯು ಕೋಟೆ ಕಟ್ಟಿಸಿದುದನ್ನು ತಿಳಿಸುತ್ತದೆ. ಎತ್ತುಗಳು ಬಂಡಿಯಲ್ಲಿ ಆ ಬಂಡೆಯನ್ನು ಎಳೆದು ತರುವ ದೃಶ್ಯವನ್ನೂ ಅಲ್ಲಿಯೇ ಕೊರೆಯಲಾಗಿದೆ. ಸುಣ್ಣದ ಗಾರೆಯಿಲ್ಲದೆ ಕಟ್ಟಿ ಒಳಗೆ ಮಣ್ಣು ತುಂಬಿದ್ದ ಗೋಡೆಗಳನ್ನು ಬೀಳಿಸಲು ದಂಡನಾಯಕರು ಕಂಡುಕೊಂಡ ಉಪಾಯವನ್ನೂ ನೂನಿಜ್ ದಾಖಲಿಸಿದ್ದಾನೆ: ಗೋಡೆಯಿಂದ ಕಿತ್ತು ತಂದ ಪ್ರತಿ ಕಲ್ಲಿಗೂ ಅದರ ಗಾತ್ರ ನೋಡಿ 10ರಿಂದ 50 ಪಣ, ಅಂದರೆ ಆ ಕಾಲದ ಚಿಕ್ಕ ನಾಣ್ಯ, ಎಣಿಸಿ ಕೊಡಲಾಗುತ್ತಿತ್ತು, ಈ ಕೂಲಿಗಾಗಿ ಕೋಟೆಯ ಮೇಲಿನ ಫಿರಂಗಿಗಳಿಗೆ ಎದೆಯೊಡ್ಡಿ ಗೋಡೆಯ ಬುಡಕ್ಕೆ ಹೋದವರು ಸಾಮಾನ್ಯ ಜನರು.