ಸೋಮನ ಮೊಕವೂ ದಾನ್ ಜನರ ಮೊಕವೂ

ಯುಗಾದಿ ಕಳೀತು ಅಂದ್ರೆ ನಮ್ಮ ಕೊಪ್ಪ, ಮದ್ದೂರು, ಮಳವಳ್ಳಿ ಸೀಮೇಲಿ ಊರಮ್ಮನ ಹಬ್ಬಗಳು ಸುರು. ನಾವು ತಂಬಿಟ್ಟಿನ ಆರತಿ ಹೊತ್ಕಂಡು ಹೋಗ್ತೀವಿ. ಮಂಡ್ಯ ಜಿಲ್ಲೆಯ ಕೆಲವೂರಲ್ಲಿ ಅಮ್ಮನ ಮುಂದೆ ಸೋಮನೂ ಕುಣೀತಾನೆ. ಮರದಲ್ಲಿ ಕೆತ್ತಿದ ದೊಡ್ಡ ಮೊಕ, ಉಬ್ಬಿದ ಕಣ್ಣು, ಹುರಿಮೀಸೆ, ತಲೆ ಮ್ಯಾಲೆ ಬಣ್ಣದ ಬಾವುಟ, ಬೇವಿನಸೊಪ್ಪು, ಕೈಲಿ ಬೆತ್ತ. ಕಂಡೇಟ್ಗೆ ಮಕ್ಳು ಸೆರಗಿನೊಳಗೆ ಸೇರ್ಕತವೆ. ಆದ್ರೆ ಸೋಮ ಹೆದರ್ಸಕ್ಕೆ ಬಂದೋನಲ್ಲ ಕಣ್ರವ್ವ, ಅಮ್ಮನ ಕಾವಲು ಬಂಟ.

ಕೆಂಪು ಮೊಕದೋನು ಒಳ್ಳೆಯೋನು, ಹಳದಿ, ಕರಿ ಮೊಕದೋನು ಉಗ್ರ ಅಂತಾರೆ. ಊರಿಂದೂರಿಗೆ ಈ ಲೆಕ್ಕ ಬೇರೆ. ತುಮಕೂರು, ಹಾಸನದ ಕಡೇಲೂ ಈ ಕುಣಿತ ಅದೆ. ಹೆಚ್ಚಾಗಿ ಗಂಗಾಮತಸ್ಥರು ಇದನ್ನ ನಡೆಸ್ಕಂಡು ಬಂದವ್ರೆ. ಡೋಣು ಬಡೀಬೇಕು, ಮೌರಿ ಊದಬೇಕು, ಆಗಲೇ ಮರದ ಮೊಕಕ್ಕೆ ಜೀವ.

ಆಫ್ರಿಕಾದ ಲೈಬೀರಿಯಾ, ಐವರಿ ಕೋಸ್ಟ್ ಗಡೀಲಿ ದಾನ್ ಅನ್ನೋ ಜನ ಅವ್ರೆ. ಅವರೂ ಮರದ ಮೊಕ ಕೆತ್ತುತಾರೆ. ಕಾಡಿನ ಶಕ್ತಿ ಆ ಮೊಕದಲ್ಲಿ ಊರೊಳಕ್ಕೆ ಬರ್ತದೆ ಅಂತ ನಂಬಿಕೆ. ಕಟ್ಟೋರು ಗಂಡಸರೇ, ನಮ್ಮಲ್ಲಿದ್ದಂಗೆ. ಆದರೆ ಮೊಕಕ್ಕೆ ಕೆಲಸ ಇರೋದು ಹೆಂಗಸರ ಹತ್ರ! ಹೆಣ್ಣಿನಂಗೆ ನುಣ್ಣಗಿರೋ ಒಂದು ಮೊಕ ಮನೆಮನೆಗೆ ಬಂದು, ಕಾಡಿನ ಶಿಬಿರದಲ್ಲಿ ದೀಕ್ಷೆಗೆ ಕೂತ ಹುಡುಗರಿಗೆ ತಾಯಂದಿರ ಕೈಲಿ ಊಟ ಇಸ್ಕೊಂಡು ಹೋಗ್ತದೆ. ಗುಂಡುಕಣ್ಣಿನ ಇನ್ನೊಂದು ಮೊಕಕ್ಕೆ ಬೆಂಕಿ ಕಾವಲು. ಬಿರುಬೇಸಿಗೇಲಿ ಗಾಳಿ ಏಳೋ ಮುಂಚೆ ಒಲೆ ಆರಿಸಿದೀರಾ ಅಂತ ನೋಡ್ತದೆ, ಆರಿಸದಿದ್ರೆ ದಂಡ. ಹುಲ್ಲಿನ ಚಾವಣಿ ಮನೆಗಳು, ಒಂದು ಕಿಡಿ ಸಾಕು ಕೇರಿ ಸುಡಕ್ಕೆ. ಇದನ್ನ ಓದಿದಾಗ ನಮ್ಮಜ್ಜಿ ಮಲಗೋ ಮುಂಚೆ ಒಲೆ ಬೂದಿ ಕೆದಕಿ ನೋಡ್ತಿದ್ದುದು ಗ್ಯಾಪ್ಕಕ್ಕೆ ಬಂತು.

ದಾನ್ ಮೊಕಗಳು ಬೇಕಾದಷ್ಟು ಯುರೋಪು, ಅಮೆರಿಕದ ಮ್ಯೂಸಿಯಮ್ಮು ಸೇರವೆ. ಮೈಗೆ ಕಟ್ಟೋ ನಾರಿನ ಉಡುಗೆ ಹೋಗಿ ಬರೀ ಮೊಕ ಗೋಡೆ ಮ್ಯಾಲೆ ಉಳಿದದೆ. ನಾಗಮಂಗಲ ತಾಲ್ಲೂಕಿನ ಎಚ್.ಎಲ್. ನಾಗೇಗೌಡರು 1994ರಲ್ಲಿ ರಾಮನಗರದ ಹತ್ರ ಜಾನಪದ ಲೋಕ ಸುರು ಮಾಡಿ ದೊಡ್ಡ ಉಪಕಾರ ಮಾಡಿದರು, ನಿಜ. ಆದರೂ ಸೋಮ ನಮ್ಮ ಗುಡೀಲೇ ಇರ್ಲಿ, ಹಳೇದು ಅಂತ ಬೆಲೆ ಕಟ್ಟೋರ ಕೈಗೆ ಹೋಗೋದು ಬ್ಯಾಡ ಅನ್ನೋದು ನನ್ನಾಸೆ. ಈ ಸಲ ಹಬ್ಬದಲ್ಲಿ ಮೊಬೈಲು ಹಿಡಿಯೋ ಮಕ್ಕಳಿಗೆ ವಸಿ ಹೇಳಿ: ಮೊಕ ಒಂದನ್ನೇ ತೆಗೀಬ್ಯಾಡಿ, ಡೋಣು ಬಡಿಯೋರನ್ನೂ ಆರತಿ ಹೊತ್ತಿರೋ ಅತ್ತೇರನ್ನೂ ತೆಗೀರಿ.