ಕಬ್ಬಿಣಕ್ಕೊಂದು ಅನುಪಾನ

ರಕ್ತಹೀನತೆಗೆ ಕಬ್ಬಿಣವನ್ನು ಮದ್ದಾಗಿ ಕೊಡುವ ಪದ್ಧತಿ ಎಷ್ಟು ಹಳೆಯದೋ, ಅದನ್ನು ಯಾವುದರೊಡನೆ ಕೊಟ್ಟರೆ ಮೈಗೆ ಹತ್ತೀತು ಎಂಬ ವಿಚಾರವೂ ಅಷ್ಟೇ ಹಳೆಯದು. ಔಷಧದ ಜೊತೆಗೆ ಅಥವಾ ಅದರ ಬೆನ್ನಿಗೇ ಸೇವಿಸುವ ಪದಾರ್ಥವನ್ನು ಆಯುರ್ವೇದವು ಅನುಪಾನ ಎನ್ನುತ್ತದೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದ 16ನೆಯ ಅಧ್ಯಾಯವು ಮೈ ಬಿಳಿಚಿಕೊಂಡು ಬಲಗುಂದುವ ಪಾಂಡುರೋಗವನ್ನು ವಿವರಿಸುತ್ತ ಪುನರ್ನವಾ ಮಂಡೂರವೆಂಬ ಗುಳಿಗೆಯನ್ನು ಹೇಳುತ್ತದೆ. ಮಂಡೂರವೆಂದರೆ ಕಬ್ಬಿಣದ ಕಿಟ್ಟ. ಅದನ್ನು ನುಣ್ಣಗೆ ಪುಡಿಮಾಡಿ, ಕೊಮ್ಮೆ ಗಿಡ, ಶುಂಠಿ, ಹಿಪ್ಪಲಿ ಮೊದಲಾದವುಗಳೊಡನೆ ಗೋಮೂತ್ರದಲ್ಲಿ ಬೇಯಿಸಿ, ಗುಳಿಗೆ ಕಟ್ಟಿ, ತಕ್ರದಲ್ಲಿ, ಅಂದರೆ ಕಡೆದ ಮಜ್ಜಿಗೆಯಲ್ಲಿ ಕದಡಿ ಕುಡಿಯಬೇಕೆಂಬುದು ವಿಧಿ. ಇಷ್ಟನ್ನೇ ಹಿಡಿದು ಪ್ರಾಚೀನರಿಗೆ ಸೂಕ್ಷ್ಮಜೀವಿಗಳ ಅರಿವಿತ್ತೆಂದು ವಾದಿಸುವುದು ಸಲ್ಲದು. ಅವರು ಮಜ್ಜಿಗೆಯನ್ನು ಮೆಚ್ಚಿದ್ದು ಅದು ಅಗ್ನಿಯನ್ನು, ಎಂದರೆ ಜೀರ್ಣಶಕ್ತಿಯನ್ನು, ಚುರುಕುಗೊಳಿಸುತ್ತದೆ ಎಂಬ ಕಾರಣಕ್ಕೆ. ಆದರೆ ಮದ್ದಿನ ಫಲ ಹೊಟ್ಟೆಯ ಸ್ಥಿತಿಯನ್ನು ಅವಲಂಬಿಸಿದೆ ಎಂಬ ಅವರ ನೋಟ ಮಾತ್ರ ಬಹುಕಾಲ ಬಾಳುವಂಥದು.

ಯುರೋಪಿನಲ್ಲಿ 17ನೆಯ ಶತಮಾನದ ಥಾಮಸ್ ಸಿಡೆನ್‌ಹ್ಯಾಮ್ ಕಬ್ಬಿಣದ ಅರದ ಪುಡಿಯನ್ನು ದ್ರಾಕ್ಷಿಯ ಮದ್ಯದಲ್ಲಿ ನೆನೆಸಿ ಕೊಡುತ್ತಿದ್ದನು. 1832ರಲ್ಲಿ ಫ್ರಾನ್ಸಿನ ಪಿಯರ್ ಬ್ಲೋ ಫೆರಸ್ ಸಲ್ಫೇಟನ್ನು ಪೊಟ್ಯಾಸಿಯಂ ಕಾರ್ಬೊನೇಟಿನೊಡನೆ ಬೆರೆಸಿ ಗುಳಿಗೆ ಮಾಡಿದನು. ಭಾರತ ಸರ್ಕಾರ 1970ರಲ್ಲಿ ಗರ್ಭಿಣಿಯರಿಗೂ ಮಕ್ಕಳಿಗೂ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ ಹಂಚುವ ಕಾರ್ಯಕ್ರಮವನ್ನು ಆರಂಭಿಸಿತು. ಮಾತ್ರೆ ಅಗ್ಗವಾಯಿತು, ಊರೂರಿಗೆ ತಲುಪಿತು. ಆದರೆ ನುಂಗಿದ ಕಬ್ಬಿಣದ ಬಹುಭಾಗ ರಕ್ತಕ್ಕೆ ಸೇರದೆ ದೊಡ್ಡ ಕರುಳಿಗೆ ಇಳಿಯುವುದರಿಂದ, ಹೊಟ್ಟೆ ತೊಳಸುವಿಕೆ, ಮಲಬದ್ಧತೆಗಳಿಗೆ ಬೇಸತ್ತು ಎಷ್ಟೋ ಹೆಂಗಸರು ಅದನ್ನು ನಡುವೆಯೇ ಕೈಬಿಟ್ಟರು. ಅವರನ್ನು ಅಜ್ಞಾನಿಗಳೆಂದು ದೂರುವುದು ಅನ್ಯಾಯ. ಹೀಗೆ ಉಳಿದ ಕಬ್ಬಿಣ ಕರುಳಿನ ಜೀವಿಗಳನ್ನೂ ಬಾಧಿಸುತ್ತದೆ ಎಂಬುದು 2010ರಲ್ಲಿ ಪ್ರಕಟವಾದ ಐವರಿ ಕೋಸ್ಟಿನ ಅಧ್ಯಯನದಿಂದ ಕಂಡುಬಂದಿತು: ಕಬ್ಬಿಣ ಬೆರೆಸಿದ ಬಿಸ್ಕತ್ತು ತಿಂದ ಶಾಲಾಮಕ್ಕಳ ಕರುಳಿನಲ್ಲಿ ರೋಗಕಾರಕಗಳನ್ನೂ ಒಳಗೊಂಡ ಎಂಟೆರೋಬ್ಯಾಕ್ಟೀರಿಯಾ ಗುಂಪು ಹೆಚ್ಚಿ, ಹುಳಿಬರಿಸುವ ಲ್ಯಾಕ್ಟೊಬ್ಯಾಸಿಲಸ್‌ಗಳು ಕುಗ್ಗಿದ್ದವು.

ಅಷ್ಟರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾನಿಲಯದಲ್ಲಿ ಬೇರೊಂದು ಉದ್ದೇಶದ ಕೆಲಸ ಫಲ ಕೊಟ್ಟಿತ್ತು. ಶಸ್ತ್ರಚಿಕಿತ್ಸೆಯಾದ ರೋಗಿಗಳಿಗೆ ನಳಿಕೆಯ ಮೂಲಕ ಕೊಡಬಹುದಾದ ಹುಳಿ ಓಟ್ಸ್ ಗಂಜಿಗಾಗಿ ಅಲ್ಲಿಯವರು ಮನುಷ್ಯನ ಕರುಳಿನಿಂದಲೇ ಬೇರ್ಪಡಿಸಿದ ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್ 299ವಿ ಎಂಬ ತಳಿ ಮುಂದೆ ಪ್ರೊಬಯಾಟಿಕ್ ಆಗಿ, ಎಂದರೆ ತಕ್ಕ ಪ್ರಮಾಣದಲ್ಲಿ ಸೇವಿಸಿದರೆ ಆರೋಗ್ಯಕ್ಕೆ ನೆರವಾಗುವ ಜೀವಂತ ಸೂಕ್ಷ್ಮಜೀವಿಯಾಗಿ, ಹೆಸರಾಯಿತು. 2006ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಪ್ರಯೋಗದಲ್ಲಿ, ಇದೇ ಜೀವಿಯಿರುವ ಗಂಜಿ ಉಂಡ ಯುವತಿಯರಲ್ಲಿ ಕಬ್ಬಿಣದ ಹೀರಿಕೆ ಹೆಚ್ಚಿತು. ಅದೇ ಗಂಜಿಯನ್ನು ಕಾಯಿಸಿ ಜೀವಿಗಳನ್ನು ಕೊಂದು ಕೊಟ್ಟಾಗ ಅಷ್ಟು ಹೆಚ್ಚಲಿಲ್ಲ. ಹುಳಿಯೊಂದೇ ಕಾರಣವಲ್ಲ, ಜೀವಿಗೂ ಪಾಲಿದೆ ಎಂಬುದಕ್ಕೆ ಇದು ಬಲವಾದ ಸುಳಿವು. 2015ರ ಸ್ವೀಡನ್ನಿನ ಅಧ್ಯಯನದಲ್ಲಿ ಹಣ್ಣಿನ ಪಾನೀಯಕ್ಕೆ ಈ ತಳಿಯನ್ನು ಬೆರೆಸಿದಾಗ ಹೀರಿಕೆ ಸುಮಾರು ಅರ್ಧದಷ್ಟು ಏರಿತು.

ಹೀರಿಕೆ ಹೆಚ್ಚುವುದಕ್ಕೂ ರೋಗ ಗುಣವಾಗುವುದಕ್ಕೂ ನಡುವೆ ಅಂತರವಿದೆ. 2020ರಲ್ಲಿ ಕಬ್ಬಿಣದ ಕೊರತೆಯಿದ್ದರೂ ರಕ್ತಹೀನತೆಯಿಲ್ಲದ ಮಹಿಳಾ ಕ್ರೀಡಾಪಟುಗಳಿಗೆ 12 ವಾರ ಕಬ್ಬಿಣದೊಡನೆ ಈ ತಳಿಯನ್ನು ಕೊಟ್ಟಾಗ, ದೇಹದ ಕಬ್ಬಿಣದ ಸಂಗ್ರಹವನ್ನು ಸೂಚಿಸುವ ಫೆರಿಟಿನ್ ಬರಿಯ ಕಬ್ಬಿಣ ಸೇವಿಸಿದವರಿಗಿಂತ ಹೆಚ್ಚು ಏರಿತಾದರೂ ಆ ವ್ಯತ್ಯಾಸ ಸಂಖ್ಯಾಶಾಸ್ತ್ರದ ಒರೆಗಲ್ಲಿನಲ್ಲಿ ಸ್ವಲ್ಪದರಲ್ಲೇ ನಿಲ್ಲಲಿಲ್ಲ. ಒಂದು ತಳಿಯ ಗುಣ ಇನ್ನೊಂದಕ್ಕೆ ತಾನಾಗಿ ಬಾರದು. ಮನೆಯ ಮೊಸರಿನಲ್ಲಿ ಸಾಮಾನ್ಯವಾಗಿ ಬೆಳೆಯುವ ಜೀವಿಗಳು ಬೇರೆ, ಮೇಲಾಗಿ ಹಾಲಿನ ಕ್ಯಾಲ್ಸಿಯಂ ಕಬ್ಬಿಣದ ಹೀರಿಕೆಯನ್ನು ತಗ್ಗಿಸುತ್ತದೆ. ಆದ್ದರಿಂದ ಲುಂಡಿನ ಗಂಜಿಯ ಫಲಿತಾಂಶವನ್ನು ಚರಕಸಂಹಿತೆಯ ತಕ್ರಕ್ಕೆ ಸಾಕ್ಷಿಯಾಗಿ ನಿಲ್ಲಿಸಲಾಗದು.