ಜಗಲಿಯ ಕಟ್ಟಳೆಯೂ ಅಂಗಡಿಯ ಆಟವೂ

ಹೇಮಾವತಿಯ ದಡದ ಗೊರೂರಿನ ಸುತ್ತಿನಲ್ಲಿ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸೀಮೆಯಲ್ಲಿ, ಚೌಕಾಬಾರದ ಗೆರೆ ಕಾಣದ ಜಗಲಿ ಒಂದು ಕಾಲಕ್ಕೆ ವಿರಳವಾಗಿತ್ತು. ಐದೈದು ಮನೆಗಳ ಚೌಕವನ್ನು ಸುಣ್ಣದಿಂದಲೋ ಇದ್ದಲಿನಿಂದಲೋ ಬರೆದು, ಕವಡೆ ದೊರೆಯದಿದ್ದರೆ ಹುಣಸೆಬೀಜದ ಒಂದು ಮೈಯನ್ನು ಕಲ್ಲಿಗೆ ತೇಯ್ದು ಬೆಳ್ಳಗೆ ಮಾಡಿ, ಬಳೆಚೂರುಗಳನ್ನೇ ಕಾಯಿಗಳಾಗಿ ಇರಿಸಿಕೊಂಡು ಆಡುತ್ತಿದ್ದ ಈ ಆಟದ ಕರ್ತೃ ಯಾರೆಂದು ಯಾರೂ ವಿಚಾರಿಸಿದವರಲ್ಲ. ಹೊಸಬರು ಎದುರು ಕುಳಿತಾಗ ಕೇಳುತ್ತಿದ್ದುದು ಒಂದೇ ಮಾತು: “ನಿಮ್ಮ ಕಡೆ ಹ್ಯಾಗೆ ಆಡ್ತೀರಿ?” ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಮನೆಗೆ ಹೋಗಕೂಡದೆಂದು ಒಬ್ಬರ ಕಟ್ಟಳೆ, ಹಾಗೇನೂ ಇಲ್ಲವೆಂದು ಇನ್ನೊಬ್ಬರದು. ಅಳಿಗುಳಿಮನೆಯಲ್ಲಿ ಗುಳಿಗೆ ನಾಲ್ಕು ಬೀಜವೇ ಐದೇ ಎಂಬುದೂ ಹೀಗೆಯೇ. ಲಗ್ನವಾಗಿ ಬಂದ ಹೆಣ್ಣುಮಗಳು ತವರಿನ ಕಟ್ಟಳೆಯನ್ನೂ ತರುತ್ತಿದ್ದಳು. ಆಟ ಅದರಿಂದ ಕೆಡಲಿಲ್ಲ, ಬೆಳೆಯಿತು.

ಈ ಸ್ವಾತಂತ್ರ್ಯಕ್ಕೆ ದೇವಾಲಯಗಳೂ ಆಶ್ರಯವಿತ್ತಿದ್ದವು. ಹಂಪೆಯೇ ಮೊದಲಾದ ಪ್ರಾಚೀನ ಸ್ಥಳಗಳ ಮಂಟಪಗಳಲ್ಲಿ, ಹಾಸುಗಲ್ಲುಗಳ ಮೇಲೆ, ಹುಲಿಯಾಟದ ಗೆರೆಗಳೂ ಅಳಿಗುಳಿಯ ಕುಳಿಗಳೂ ಇಂದಿಗೂ ಕಾಣುತ್ತವೆ. ಅವು ಕಟ್ಟಡದ ಅಲಂಕಾರವಲ್ಲ. ಅಲ್ಲಿ ಕುಳಿತು ಹೊತ್ತು ಕಳೆದವರು ತಮಗೆ ಬೇಕೆಂದು ಕೊರೆದುಕೊಂಡವು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಪರಂಪರೆಯ ಗಂಜೀಫಾ ಎಲೆಗಳಾಟವನ್ನು ಹಲವು ಬಗೆಯಾಗಿ ವಿಸ್ತರಿಸಿ, ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಅದನ್ನು ನಿರೂಪಿಸಿದರು. ಪ್ರಜೆ ಜಗಲಿಯಲ್ಲಿ ಮಾಡಿದ್ದನ್ನೇ ಪ್ರಭು ಅರಮನೆಯಲ್ಲಿ ಮಾಡಿದನು, ಮತ್ತು ಬರೆದಿಟ್ಟನು. ಬರೆದಿಟ್ಟುದರಿಂದ ಅದು ನಮಗೆ ಉಳಿಯಿತು.

ಗೊರೂರಿನ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡು ನದಿಯ ನೀರು ಹಳ್ಳಿಗಳನ್ನು ಆವರಿಸಿದಾಗ ಅವುಗಳ ಜಗಲಿಗಳೂ ಮುಳುಗಿದವು. ಆದರೆ ಚೌಕಾಬಾರ ಎದ್ದುಹೋದವರ ನೆನಪಿನಲ್ಲಿದ್ದ ಆಟ. ಹೊಸ ನೆಲದಲ್ಲಿ ಗೆರೆಯೆಳೆದರೆ ಸಾಕಿತ್ತು.

ಇಂದಿನ ಗಣಕಯಂತ್ರದ ಆಟಗಳಿಗೆ ಆ ಭಾಗ್ಯವಿಲ್ಲ. ಅವು ಅಂತರಜಾಲದ ಅಂಗಡಿಗಳಲ್ಲಿ ವಿಕ್ರಯವಾಗುತ್ತವೆ. ರಚಿಸಿದ ಸಂಸ್ಥೆ ಮುಚ್ಚಿದರೆ ದೋಷಗಳನ್ನು ತಿದ್ದುವವರಿಲ್ಲ, ಯಂತ್ರ ಹೊಸದಾದರೆ ಹಳೆಯ ಆಟ ನಡೆಯದು. 2004ರಲ್ಲಿ ಪ್ರಕಟವಾದ ‘ವ್ಯಾಂಪೈರ್: ದಿ ಮಾಸ್ಕರೇಡ್ – ಬ್ಲಡ್‌ಲೈನ್ಸ್’ ಎಂಬ ಆಟದ ನಿರ್ಮಾತೃಗಳಾದ ಟ್ರೊಯಿಕಾ ಸಂಸ್ಥೆ ಮರುವರ್ಷವೇ ಮುಚ್ಚಿತು, ದೋಷಭೂಯಿಷ್ಠವಾಗಿದ್ದ ಆ ಆಟವನ್ನು ವರ್ಷಾನುವರ್ಷ ತಿದ್ದಿ ಬದುಕಿಸಿದವರು ಅದರ ಅಭಿಮಾನಿಗಳು. ಜಿಒಜಿ ಎಂಬ ಅಂಗಡಿ ಆ ತಿದ್ದುಪಡಿಯನ್ನು ಆಟದ ಜೊತೆಯಲ್ಲಿಯೇ ಕೊಡುತ್ತಿರುವುದು ಅತ್ಯಂತ ಯೋಗ್ಯವಾದ ಕಾರ್ಯ. ‘ಕೌಂಟರ್-ಸ್ಟ್ರೈಕ್’ ಕೂಡ 1999ರಲ್ಲಿ ‘ಹಾಫ್-ಲೈಫ್’ ಆಟವನ್ನು ಆಟಗಾರರು ಮಾರ್ಪಡಿಸಿದುದರಿಂದ ಹುಟ್ಟಿದ್ದೆಂಬುದನ್ನು ಇಲ್ಲಿ ಸ್ಮರಿಸಬೇಕು.

ಆದರೆ ಆಶ್ರಯವೀಯುವುದು ಬೇರೆ, ಸ್ವಾಧೀನಪಡಿಸಿಕೊಳ್ಳುವುದು ಬೇರೆ. 2015ರಲ್ಲಿ ಸ್ಟೀಮ್ ಅಂಗಡಿಯು ‘ಸ್ಕೈರಿಮ್’ ಆಟದ ಮಾರ್ಪಾಟುಗಳನ್ನು ಬೆಲೆಗಿಟ್ಟು, ಮಾಡಿದವರಿಗೆ ಶೇಕಡ 25 ಮಾತ್ರ ಕೊಡುವೆನೆಂದಾಗ ಎದ್ದ ಪ್ರತಿಭಟನೆಗೆ ಮಣಿದು ಕೆಲವೇ ದಿನಗಳಲ್ಲಿ ಆ ಏರ್ಪಾಟನ್ನು ಹಿಂತೆಗೆದುಕೊಳ್ಳಬೇಕಾಯಿತು. ಪರರ ತಿದ್ದುಪಡಿಯಲ್ಲಿ ಕೇಡು ಅಡಗಿರಬಹುದೆಂಬ ಅಂಗಡಿಯವರ ಭಯವೂ ನಿರಾಧಾರವಲ್ಲ. ಆದರೆ ಪರೀಕ್ಷಿಸಿ ಒಳಗಿಡುವುದು ಅವರಿಗೆ ಸಾಧ್ಯ, ಎಲ್ಲೆಲ್ಲಿಯೋ ಹುಡುಕಿ ತರುವ ಆಟಗಾರನಿಗೆ ಕಷ್ಟ.

ಆದುದರಿಂದ ಅಂಗಡಿಗಳು ತಿದ್ದುಪಡಿಗಳಿಗೆ ಸ್ಥಳ ಕೊಡತಕ್ಕದ್ದೇ ಸರಿ: ಮೂಲವನ್ನು ಅಳಿಸದೆ, ತಿದ್ದಿದವನ ಅನುಮತಿಯನ್ನು ಪಡೆದು, ಅವನ ಹೆಸರನ್ನು ಕಾಣುವಂತೆ ಬರೆದು. ಚೌಕಾಬಾರವನ್ನೂ ಅಳಿಗುಳಿಮನೆಯನ್ನೂ ಗಣಕಕ್ಕೆ ಅಳವಡಿಸುವ ನಮ್ಮ ತರುಣರಲ್ಲಿ ನನ್ನದೊಂದು ಬಿನ್ನಹ: ಒಂದೇ ಊರಿನ ಕಟ್ಟಳೆಯನ್ನು ಸರ್ವರಿಗೂ ವಿಧಿಸಬೇಡಿ, ಆಡುವವರು ತಮ್ಮ ಊರಿನ ಕಟ್ಟಳೆಯನ್ನು ಸೇರಿಸಲು ಅವಕಾಶವಿಡಿ.